ತಂಗಿ ದಕ್ಷಿಣ ಸುಡಾನ್‌ಗೆ ನರ್ಸ್ ಆಗಿ ಹೊರಟಿದ್ದಾಳೆ, ಭದ್ರತೆ ಬಗ್ಗೆ ಸಂಸ್ಥೆಯವರಿಗೆ ಏನೇನು ಕೇಳಬೇಕು?

ಹಡಪ್ಸರ್ ಹುಡುಗ
ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಪುಣೆಯ ಒಂದು ಆಸ್ಪತ್ರೆಯಲ್ಲಿ ಐಸಿಯು ನರ್ಸ್. ಒಂದು ಅಂತರರಾಷ್ಟ್ರೀಯ ನೆರವು ಸಂಸ್ಥೆಯವರು ಅವಳನ್ನು ಆರಿಸಿದ್ದಾರೆ. ಪೋಸ್ಟಿಂಗ್ ದಕ್ಷಿಣ ಸುಡಾನ್, ಒಂಬತ್ತು ತಿಂಗಳು. ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ. ಅಪ್ಪ ಮಾತೇ ಆಡುತ್ತಿಲ್ಲ, ತಂಗಿ ಹಾಲ್‌ಗೆ ಬಂದರೆ ಟಿವಿ ಸೌಂಡ್ ಜಾಸ್ತಿ ಮಾಡುತ್ತಾರೆ.

ಅವಳಿಗೆ ಮೂವತ್ತು ದಾಟಿದೆ. ಹೋಗಬೇಡ ಅನ್ನೋಕೆ ನಾನು ಯಾರು? ಆದರೆ ಮುಂದಿನ ವಾರ ಸಂಸ್ಥೆಯವರು ಮನೆಯವರ ಜೊತೆಗೂ ವಿಡಿಯೋ ಕಾಲ್‌ನಲ್ಲಿ ಮಾತಾಡುತ್ತಾರಂತೆ. "ಅಲ್ಲಿ ಸೇಫಾ?" ಅಂತ ಕೇಳಿದರೆ "ಎಲ್ಲಾ ವ್ಯವಸ್ಥೆ ಇದೆ ಸರ್" ಅಂತಲೇ ಹೇಳುತ್ತಾರೆ ಅಲ್ವಾ. ಸರಿಯಾದ ಪ್ರಶ್ನೆ ಯಾವುದು? ಇಂಥ ಕೆಲಸ ಮಾಡಿದವರು, ಮನೆಯವರನ್ನು ಕಳಿಸಿದವರು ಇದ್ದರೆ ಹೇಳಿ. "ದೇಶದಲ್ಲೇ ಸೇವೆ ಮಾಡಬಾರದಾ" ಅನ್ನುವ ಉತ್ತರ ಬೇಡ. ಅದು ಮನೆಯಲ್ಲೇ ಎರಡು ಹೊತ್ತು ಸಿಗುತ್ತಿದೆ.

ಚಹಾ ಇನ್ನೊಂದು
ದೇಶದಲ್ಲೇ ಸೇವೆ ಮಾಡಬಾರದಾ?

ಥಾಣೆ ನರ್ಸಮ್ಮ
@ಚಹಾ, ನಿಮಗೆ ಇನ್ನೊಂದು ಚಹಾ ಕೊಡಿಸುತ್ತೇನೆ, ಸ್ವಲ್ಪ ಹೊತ್ತು ಸುಮ್ನಿರಿ. ಎಂಎಸ್‌ಎಫ್‌ನವರು, ಅದೇ "ಗಡಿಯಿಲ್ಲದ ವೈದ್ಯರು" ಅನ್ನುವ ಅಂತರರಾಷ್ಟ್ರೀಯ ವೈದ್ಯಕೀಯ ನೆರವು ಸಂಸ್ಥೆಯವರು, ನಮ್ಮ ಮುಂಬೈನ ಗೋವಂಡಿಯಲ್ಲೇ ಟಿಬಿ ಕ್ಲಿನಿಕ್ ನಡೆಸಿದ್ದಾರೆ. ಬೇರೆ ದೇಶದವರು ಇಲ್ಲಿಗೆ ಬಂದು ಕೆಲಸ ಮಾಡಿದ್ದಾರೆ. ನಮ್ಮವರು ಹೊರಗೆ ಹೋದರೆ ಮಾತ್ರ ಯಾಕೆ ಎಲ್ಲರಿಗೂ ದೇಶ ನೆನಪಾಗುತ್ತದೋ.

ಹುಡುಗನಿಗೆ: ತಂಗಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ಅಮ್ಮನ ಚಿಂತೆಯೂ ಸುಳ್ಳಲ್ಲ.

ಡೊಂಬಿವಲಿ ಭಟ್ರು
ನಾನು ನೇರವಾಗಿ ಹೇಳುವವನು. ಯುಎನ್, ಅಂದರೆ ವಿಶ್ವಸಂಸ್ಥೆಯವರ ಲೆಕ್ಕದಲ್ಲೇ 2024ರಲ್ಲಿ ಜಗತ್ತಿನಲ್ಲಿ ನೆರವು ಕೆಲಸಗಾರರು ಸತ್ತದ್ದು 383. ಹಿಂದಿನ ವರ್ಷಕ್ಕಿಂತ ಮೂರನೇ ಒಂದರಷ್ಟು ಜಾಸ್ತಿ. ಗಾಜಾದಲ್ಲಿ 181, ಸುಡಾನ್‌ನಲ್ಲಿ 60. ಮೊದಲು ರೆಡ್ ಕ್ರಾಸ್‌ನ ಕೆಂಪು ಶಿಲುಬೆ ಗುರುತು ಕಂಡರೆ ಗುಂಡು ನಿಲ್ಲುತ್ತಿತ್ತು ಅಂತ ಕೇಳಿದ್ದೆವು. ಈಗ ಅದನ್ನೇ ನೋಡಿ ಹೊಡೆಯುತ್ತಾರೆ. ಮಗಳಿದ್ದರೆ ನಾನು ಕಳಿಸುತ್ತಿರಲಿಲ್ಲ, ಅಷ್ಟೆ.

ಥಾಣೆ ನರ್ಸಮ್ಮ
ಭಟ್ರೇ, ಸುಡಾನ್ ಬೇರೆ, ದಕ್ಷಿಣ ಸುಡಾನ್ ಬೇರೆ. 2011ರಲ್ಲೇ ಬೇರೆಯಾಗಿವೆ. ಆ 60 ಜನ ಸತ್ತದ್ದು ಸುಡಾನ್‌ನಲ್ಲಿ.

ಡೊಂಬಿವಲಿ ಭಟ್ರು
ಬೇರೆಯಾದರೆ ಏನಮ್ಮ, ಅಲ್ಲಿ ಶಾಂತಿ ಬಂತಾ? 2016ರ ಜುಲೈನಲ್ಲಿ ಅಲ್ಲಿನ ರಾಜಧಾನಿ ಜುಬಾದ ಟೆರೇನ್ ಅನ್ನುವ ಹೋಟೆಲಿಗೆ ಸೈನಿಕರೇ ನುಗ್ಗಿದರು. ಒಬ್ಬ ಸ್ಥಳೀಯ ಪತ್ರಕರ್ತನನ್ನು ಕೊಂದರು, ನೆರವು ಸಂಸ್ಥೆಯ ಹೆಂಗಸರ ಮೇಲೆ ಅತ್ಯಾಚಾರ ಮಾಡಿದರು. ಯುಎನ್ ಶಾಂತಿ ಪಡೆಯ ಶಿಬಿರ ಒಂದೇ ಕಿಲೋಮೀಟರ್ ಆಚೆ ಇತ್ತು. ಒಳಗಿದ್ದವರು ಫೋನ್ ಮಾಡಿ ಮಾಡಿ ಸೋತರು. ಯಾರೂ ಬರಲಿಲ್ಲ. 2025ರ ಮೇನಲ್ಲಿ ಓಲ್ಡ್ ಫಂಗಾಕ್‌ನಲ್ಲಿ ಎಂಎಸ್‌ಎಫ್ ಆಸ್ಪತ್ರೆ ಮೇಲೆ ಬಾಂಬ್ ಬಿತ್ತು. ಅದೂ ದಕ್ಷಿಣ ಸುಡಾನೇ. ನಕ್ಷೆ ನನಗೂ ಗೊತ್ತು.

ಹಡಪ್ಸರ್ ಹುಡುಗ
ಭಟ್ರೇ, ಇದನ್ನು ಅಮ್ಮ ಓದದಿರಲಿ.

ಫೀಲ್ಡ್‌ನಿಂದ ಬಂದವಳು
ಔಂಧ್‌ನಿಂದ ಬರೆಯುತ್ತಿದ್ದೇನೆ. ಇಂಥ ಸಂಸ್ಥೆಗಳಲ್ಲಿ ಹಲವು ವರ್ಷ ಸಾಮಾನು ಸಾಗಣೆ, ಗಾಡಿ, ಗೋದಾಮು ನೋಡಿಕೊಳ್ಳುತ್ತಿದ್ದೆ. ಅಂದರೆ ಏನಾದರೂ ಎಡವಟ್ಟಾದರೆ ಮೊದಲು ನನ್ನ ರೇಡಿಯೋನೇ ಕೂಗುತ್ತಿತ್ತು. ಭಟ್ರು ಹೇಳಿದ ಘಟನೆಗಳೆಲ್ಲ ನಿಜ. ಜುಬಾ ಘಟನೆ ಆದಮೇಲೆ ಎಲ್ಲಾ ಸಂಸ್ಥೆಗಳೂ "ಯಾರೋ ಬಂದು ಕಾಪಾಡುತ್ತಾರೆ" ಅನ್ನುವ ಲೆಕ್ಕವನ್ನು ಮತ್ತೆ ನೋಡಿಕೊಳ್ಳಬೇಕಾಯಿತು. ಅದಕ್ಕೇ ನಿಮ್ಮ ಮೊದಲ ಪ್ರಶ್ನೆ ಇದಾಗಿರಲಿ: ಪರಿಸ್ಥಿತಿ ಕೆಟ್ಟರೆ ಹೊರಗೆ ತರುವುದು ಯಾರು? ವಿಮಾನ ಯಾರದ್ದು? ವಿಮಾನ ಇಳಿಯಲು ಆಗದಿದ್ದರೆ ಏನು ಮಾಡುತ್ತಾರೆ? ದಕ್ಷಿಣ ಸುಡಾನ್‌ನಲ್ಲಿ ಮಳೆಗಾಲ ಬಂತೆಂದರೆ ಸುಮಾರು ಊರುಗಳಿಗೆ ರಸ್ತೆಯೇ ಇರುವುದಿಲ್ಲ, ಮಣ್ಣಿನ ರನ್‌ವೇ ಕೂಡ ಕೆಸರಾಗುತ್ತದೆ. ಇದಕ್ಕೆ ಅವರು ತಡಬಡಾಯಿಸದೆ ಉತ್ತರ ಕೊಟ್ಟರೆ ಒಳ್ಳೆಯ ಲಕ್ಷಣ.

ಆಮೇಲೆ, ಅವಳಿಗೆ ಅನುಮಾನ ಬಂದು "ಇವತ್ತು ಈ ದಾರಿಯಲ್ಲಿ ಹೋಗಲ್ಲ" ಅಂದರೆ ಒಪ್ಪುತ್ತಾರಾ? ಅದರಿಂದ ಅವಳ ಕೆಲಸಕ್ಕೆ ತೊಂದರೆ ಆಗುತ್ತದಾ? ಮಧ್ಯದಲ್ಲೇ "ನನಗೆ ಸಾಕು, ಮನೆಗೆ ಹೋಗುತ್ತೇನೆ" ಅಂದರೆ ಟಿಕೆಟ್ ಯಾರು ಕೊಡುತ್ತಾರೆ? ಆ ಊರಿನಲ್ಲಿ ಕಳೆದ ವರ್ಷ ಏನೇನು ಘಟನೆ ಆಗಿದೆ ಅಂತ ಕೇಳಿ. "ಏನೂ ಆಗಿಲ್ಲ" ಅಂದರೆ ನಂಬಬೇಡಿ. ಒಳ್ಳೆಯ ಸಂಸ್ಥೆಗಳು ಚಿಕ್ಕ ಕಳ್ಳತನವನ್ನೂ ಬರೆದಿಡುತ್ತವೆ. ಪಟ್ಟಿ ಉದ್ದ ಇದ್ದರೆ ಹೆದರಬೇಡಿ, ಪಟ್ಟಿಯೇ ಇಲ್ಲ ಅಂದರೆ ಹೆದರಿ.

ಅಲ್ಲಿನ ದಿನ ಹೇಗಿರುತ್ತದೆ ಅಂತ ಅಮ್ಮನಿಗೆ ಗೊತ್ತಾದರೆ ಸ್ವಲ್ಪ ಸಮಾಧಾನ ಆಗಬಹುದು. ಸಂಜೆಯಾದರೆ ಕರ್ಫ್ಯೂ, ಕಾಂಪೌಂಡ್ ಬಿಟ್ಟು ಹೊರಗೆ ಕಾಲಿಡುವಂತಿಲ್ಲ. ರಾತ್ರಿ ರೇಡಿಯೋ ಚೆಕ್. ಒಬ್ಬೊಬ್ಬರದೇ ಸಂಕೇತದ ಹೆಸರು ಕರೆಯುತ್ತಾರೆ, "ಇದ್ದೇನೆ" ಅನ್ನಬೇಕು. ಸ್ನಾನಕ್ಕೆ ಹೋಗಿ ಒಬ್ಬರು ಉತ್ತರ ಕೊಡದಿದ್ದರೂ ಎಲ್ಲರೂ ಟಾರ್ಚ್ ಹಿಡಿದು ಹುಡುಕುತ್ತಾರೆ, ಆಮೇಲೆ ಸೋಪಿನ ಕೈಯಲ್ಲೇ ಬೈಗುಳ ತಿನ್ನಬೇಕು. ಗಾಡಿ ಎಲ್ಲಿಗೇ ಹೊರಟರೂ ಹೊರಡುವ ಹೊತ್ತು, ತಲುಪುವ ಹೊತ್ತು ಬೋರ್ಡ್ ಮೇಲೆ. ಬಾಗಿಲಲ್ಲಿ ಬಂದೂಕಿಗೆ ಅಡ್ಡಗೆರೆ ಎಳೆದ ಸ್ಟಿಕ್ಕರ್. ಸೈನಿಕ ಎಷ್ಟೇ ಬೇಡಿಕೊಂಡರೂ ಬಂದೂಕಿನ ಜೊತೆ ಹತ್ತಿಸಿಕೊಳ್ಳುವಂತಿಲ್ಲ. ಚೆಕ್‌ಪೋಸ್ಟ್ ಬಂದರೆ ವೇಗ ಇಳಿಸಿ, ಕಿಟಕಿ ಇಳಿಸಿ, ಕಪ್ಪು ಕನ್ನಡಕ ತೆಗೆದು, ಕೈ ಕಾಣುವ ಹಾಗೆ ಇಟ್ಟು ಕೂರಬೇಕು. ಮಾತು ಡ್ರೈವರ್‌ದು. ಫೋನ್ ಹೊರಗೆ ತೆಗೆದರೆ ಕಥೆ ಮುಗಿಯಿತು. ಅಲ್ಲಿನ ಹುಡುಗರಿಗೆ ಹದಿನೇಳೋ ಹದಿನೆಂಟೋ ವಯಸ್ಸು, ಬಿಸಿಲು, ಹಸಿವು, ಕೈಯಲ್ಲಿ ಎಕೆ ಬಂದೂಕು. ಅವರಿಗೆ ಫೋಟೋ ತೆಗೆಯುತ್ತಿದ್ದೀರಿ ಅನಿಸಬಾರದು.

ಇನ್ನೊಂದು, ಜನ ಮರೆಯುವುದು. ಬಾಂಬು ಗುಂಡಿನ ಮಾತೇ ಎಲ್ಲರದ್ದು. ರಸ್ತೆ ಅಪಘಾತ ಮತ್ತು ಮಲೇರಿಯಾ ಬಗ್ಗೆ ಯಾರೂ ಕೇಳುವುದಿಲ್ಲ. ಗಾಡಿಯಲ್ಲಿ ಸೀಟ್ ಬೆಲ್ಟ್ ಇದೆಯಾ, ರಾತ್ರಿ ಪ್ರಯಾಣ ನಿಷೇಧವಾ ಅಂತ ಕೇಳಿ.

ವಾಸ್ಕೋ ಬಸಣ್ಣ
ಅಕ್ಕಾರ, ನಿಮ್ಮ ಉತ್ತರ ಓದಿ ಖುಷಿ ಆಯಿತು. ಕೊನೆಗೂ ಕೆಲಸ ಮಾಡಿದವರ ಮಾತು.

ರಿಟೈರ್ಡ್ ಸುಬೇದಾರ್
ವಾನವಡಿಯಿಂದ. ಸೇನೆಯಲ್ಲಿ ಇದ್ದವನು, ಆದ್ದರಿಂದ ಒಂದು ಮಾತು. ಬಂದೂಕಿಗೆ ಅಡ್ಡಗೆರೆ ಸ್ಟಿಕ್ಕರ್ ನೋಡಿ ಯಾವ ದರೋಡೆಕೋರ ವಾಪಸ್ ಹೋಗುತ್ತಾನೆ? ಕಾವಲಿಗೆ ಆಯುಧ ಇರುವ ನಾಲ್ಕು ಜನ ಇದ್ದರೆ ಹೆದರಿಕೆ ಇರುತ್ತದೆ. ನರ್ಸು, ಡಾಕ್ಟರ್‌ಗಳನ್ನು ಬರಿಗೈಲಿ ಕಳಿಸಿ "ನಂಬಿಕೆ" ಅಂದರೆ ಹೇಗೆ? ಇದು ಭದ್ರತೆಯಲ್ಲ, ಹಣೆಬರಹ.

ಫೀಲ್ಡ್‌ನಿಂದ ಬಂದವಳು
ಸುಬೇದಾರ್ ಸರ್, ನಿಮ್ಮ ಮಾತಿಗೆ ಗೌರವ ಇದೆ, ಆದರೆ ಒಪ್ಪಲ್ಲ. ಎರಡು ಪಡೆ ಹೊಡೆದಾಡುವ ಜಾಗದಲ್ಲಿ ಒಂದು ಪಡೆಯ ಬಂದೂಕು ನಮ್ಮ ಗೇಟಿಗೆ ಬಂತು ಅಂದರೆ ಇನ್ನೊಂದು ಪಡೆಗೆ ನಾವು ಶತ್ರು. ಗಾಯಾಳುಗಳೂ ಬರುವುದಿಲ್ಲ. ಗೇಟಿನಲ್ಲಿ ಬಂದೂಕು ಇಲ್ಲ ಅಂದರೆ ಎರಡೂ ಕಡೆಯವರು ಬರುತ್ತಾರೆ, ಎರಡೂ ಕಡೆಯ ತಾಯಂದಿರೂ ಬರುತ್ತಾರೆ. ಆ ತಾಯಂದಿರೇ "ನಾಳೆ ಆ ರಸ್ತೆಗೆ ಹೋಗಬೇಡಿ" ಅಂತ ಕಿವಿಯಲ್ಲಿ ಹೇಳಿ ಹೋಗುವುದು. ಅಂಥ ಸುದ್ದಿ ಬೇರೆಲ್ಲೂ ಸಿಗುವುದಿಲ್ಲ.

ಇದಕ್ಕೂ ಅಪವಾದ ಇದೆ. ಸೊಮಾಲಿಯಾದಲ್ಲಿ ಎಂಎಸ್‌ಎಫ್ ಕೂಡ ಬಂದೂಕಿನ ಕಾವಲು ಇಟ್ಟುಕೊಂಡಿತ್ತು. ಆದರೂ ಕೊಲೆ, ಅಪಹರಣ ನಿಲ್ಲದೆ 22 ವರ್ಷ ಕೆಲಸ ಮಾಡಿದ ಮೇಲೆ 2013ರಲ್ಲಿ ದೇಶ ಬಿಟ್ಟು ಬಂತು. ಬಂದೂಕು ಇದ್ದೂ ಏನಾಯಿತು?

ರಿಟೈರ್ಡ್ ಸುಬೇದಾರ್
ಬಂದೂಕು ಇಲ್ಲದೆ ಇರಾಕ್‌ನ ಬಾಗ್ದಾದ್‌ನಲ್ಲಿ ಏನಾಯಿತು, ಅದನ್ನೂ ಹೇಳಿ. 2003ರ ಆಗಸ್ಟ್ 19. ಕೆನಾಲ್ ಹೋಟೆಲ್‌ನಲ್ಲಿ ಯುಎನ್ ಕಚೇರಿ. ಜನ ಹೆದರಬಾರದು, ಕಾವಲು ಕಣ್ಣಿಗೆ ಹೊಡೆಯಬಾರದು ಅಂತ ಅಮೆರಿಕನ್ ಸೈನ್ಯವನ್ನು ದೂರ ಇಟ್ಟಿದ್ದು ಯುಎನ್‌ನವರೇ. ಸ್ಫೋಟಕ ತುಂಬಿದ ಲಾರಿ ನೇರ ಕಿಟಕಿ ಕೆಳಗೆ ಬಂತು. ಇರಾಕ್‌ನಲ್ಲಿ ಯುಎನ್‌ನ ಮುಖ್ಯಸ್ಥರಾಗಿದ್ದ ಸೆರ್ಜಿಯೊ ವಿಯೆರಾ ದೆ ಮೆಲ್ಲೊ ಸೇರಿ 22 ಜನ ಸತ್ತರು. ಅದೇ ದಿನವನ್ನು ಈಗ ವಿಶ್ವ ಮಾನವೀಯ ದಿನ ಅಂತ ಆಚರಿಸುತ್ತಾರೆ. ಯುಎನ್ ನೇಮಿಸಿದ ಅಹ್ತಿಸಾರಿ ಸಮಿತಿ ತನಿಖೆ ಮಾಡಿ ಯುಎನ್‌ನ ಭದ್ರತಾ ವ್ಯವಸ್ಥೆಯೇ ಕೆಟ್ಟು ನಿಂತಿದೆ ಅಂತ ಬರೆಯಿತು. ಆಮೇಲೆಯೇ ಅವರು ಭದ್ರತೆಗೆ ಪ್ರತ್ಯೇಕ ಇಲಾಖೆ ಮಾಡಿದ್ದು, 2005ರಲ್ಲಿ.

ಆ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದವರೇ ನಮ್ಮ ಕರ್ನಲ್ ವೈಭವ್ ಕಾಳೆ. ಪುಣೆಯವರಿಗೆ ನೆನಪಿರಬೇಕು. ಸೇನೆಯಿಂದ ನಿವೃತ್ತಿ ಪಡೆದು ಯುಎನ್ ಸೇರಿ ಕೆಲವೇ ವಾರ ಆಗಿತ್ತು. 2024ರ ಮೇ 13ರಂದು ಗಾಜಾದ ರಫಾದಲ್ಲಿ ಯುಎನ್ ಗುರುತು ಇದ್ದ ಗಾಡಿಯಲ್ಲಿ ಆಸ್ಪತ್ರೆ ಕಡೆ ಹೋಗುತ್ತಿದ್ದಾಗ ದಾಳಿಯಾಗಿ ತೀರಿಕೊಂಡರು. ಇಸ್ರೇಲ್-ಹಮಾಸ್ ಯುದ್ಧ ಶುರುವಾದ ಮೇಲೆ ಗಾಜಾದಲ್ಲಿ ಸತ್ತ ಯುಎನ್‌ನ ಮೊದಲ ವಿದೇಶಿ ಸಿಬ್ಬಂದಿ. ಅಂತ್ಯಕ್ರಿಯೆ ಇಲ್ಲೇ ಪುಣೆಯಲ್ಲಿ ಆಯಿತು. ಬೇರೆಯವರ ಭದ್ರತೆ ನೋಡಿಕೊಳ್ಳಲು ಹೋದ ತರಬೇತಿ ಪಡೆದ ಅಧಿಕಾರಿಗೇ ಹೀಗಾದರೆ ನರ್ಸಿನ ಗತಿ ಏನು?

ಮಾಟುಂಗಾದ ಅತ್ತೆ
ಅಯ್ಯೋ, ಅವರ ಸುದ್ದಿ ಓದಿದ ದಿನ ನಾನು ಅತ್ತಿದ್ದೆ.

ಫೀಲ್ಡ್‌ನಿಂದ ಬಂದವಳು
ಸರ್, ಕರ್ನಲ್ ಕಾಳೆಯವರ ಗಾಡಿಯಲ್ಲಿ ಬಂದೂಕು ಇದ್ದಿದ್ದರೆ ಬದಲಾಗುತ್ತಿತ್ತಾ? ಟ್ಯಾಂಕು, ಡ್ರೋನು ಇರುವ ಸೈನ್ಯದ ಎದುರು ಕಾವಲುಗಾರನ ರೈಫಲ್ ಏನು ಮಾಡುತ್ತದೆ? ಕಳ್ಳರಿಗೆ ಒಂದು ಉಪಾಯ, ಸೈನ್ಯಕ್ಕೆ ಬೇರೆ ಉಪಾಯ. ಎರಡನ್ನೂ ಕಲಸಬೇಡಿ.

ಮತ್ತೆ ನೀವು "ಮೊದಲ ವಿದೇಶಿ ಸಿಬ್ಬಂದಿ" ಅಂದಿರಲ್ಲ, ಅದಕ್ಕೂ ಮುಂಚೆ ಗಾಜಾದಲ್ಲೇ ಯುಎನ್‌ನ ನೂರಕ್ಕೂ ಜಾಸ್ತಿ ಸ್ಥಳೀಯ ಸಿಬ್ಬಂದಿ ಸತ್ತಿದ್ದರು. ಶಾಲೆ ಮೇಷ್ಟ್ರು, ಕಾಂಪೌಂಡರ್, ಡ್ರೈವರ್. ಅವರ ಹೆಸರು ಯಾವ ಟಿವಿಯಲ್ಲೂ ಬರಲಿಲ್ಲ. ಪ್ರಪಂಚದಲ್ಲಿ ಸಾಯುವ ನೆರವು ಕೆಲಸಗಾರರಲ್ಲಿ ಹತ್ತಕ್ಕೆ ಒಂಬತ್ತು ಜನ ಅದೇ ದೇಶದವರು.

ನೆರೂಳ್ ಶೆಟ್ಟಿ
ಇದಕ್ಕೆ ದೂರ ಹೋಗಬೇಕಿಲ್ಲ ಮಾರಾಯ್ರೆ. ಶ್ರೀಲಂಕಾದ ಮುತ್ತೂರು, 2006ರ ಆಗಸ್ಟ್. ಹಸಿವಿನ ವಿರುದ್ಧ ಕೆಲಸ ಮಾಡುವ ಒಂದು ಫ್ರೆಂಚ್ ಸಂಸ್ಥೆಯ 17 ಜನ ಸ್ಥಳೀಯರನ್ನು ಕಚೇರಿ ಅಂಗಳದಲ್ಲೇ ಗುಂಡಿಟ್ಟು ಕೊಂದರು. ಸುನಾಮಿ ಆದಮೇಲೆ ನೀರು, ಶೌಚಾಲಯದ ಕೆಲಸ ಮಾಡುತ್ತಿದ್ದ ಹುಡುಗ ಹುಡುಗಿಯರು. ಸಂಸ್ಥೆಯ ಟೀಶರ್ಟ್ ಮೈಮೇಲೇ ಇತ್ತು. ಇವತ್ತಿಗೂ ಒಬ್ಬರಿಗೂ ಶಿಕ್ಷೆ ಆಗಿಲ್ಲ.

ಲಾ ಓದಿದವ
ಶೆಟ್ರು ಮುಖ್ಯ ಜಾಗಕ್ಕೆ ಬಂದರು. ಕಾನೂನು ಇಲ್ಲ ಅಂತಲ್ಲ. ಯುದ್ಧದಲ್ಲಿ ಗಾಯಾಳುಗಳನ್ನು, ನಾಗರಿಕರನ್ನು ಕಾಪಾಡಲು 1949ರ ಜಿನೀವಾ ಒಪ್ಪಂದಗಳಿವೆ. ಯುಎನ್ ಸಿಬ್ಬಂದಿ ಭದ್ರತೆಗೇ ಅಂತ 1994ರ ಒಪ್ಪಂದ ಇದೆ. ನೆರವು ಕೆಲಸಗಾರರ ಮೇಲೆ ಬೇಕಂತಲೇ ದಾಳಿ ಮಾಡಿದರೆ ಯುದ್ಧಾಪರಾಧ. 2016ರಲ್ಲಿ ಆಸ್ಪತ್ರೆಗಳ ರಕ್ಷಣೆಗೆ ಭದ್ರತಾ ಮಂಡಳಿಯ 2286ನೇ ನಿರ್ಣಯ ಬಂತು. 2024ರ ಮೇ 24ಕ್ಕೆ ನೆರವು ಕೆಲಸಗಾರರ ರಕ್ಷಣೆಗೆ 2730ನೇ ನಿರ್ಣಯ, ಸ್ವಿಟ್ಜರ್ಲೆಂಡ್ ತಂದದ್ದು. 14 ದೇಶ ಪರ, ರಷ್ಯಾ ತಟಸ್ಥ. ಕಾಗದಕ್ಕೆ ಕೊರತೆ ಇಲ್ಲ. ಶಿಕ್ಷೆ ಆದ ಉದಾಹರಣೆ ಮಾತ್ರ ಹುಡುಕಿದರೂ ಸಿಗುವುದು ಕಷ್ಟ.

ಡೊಂಬಿವಲಿ ಭಟ್ರು
ನಾನು ಹೇಳಿದ್ದೂ ಅದೇ ಅಲ್ವಾ! ಆ ನಿರ್ಣಯ ಬಂದು ವರ್ಷ ತುಂಬುವ ಮೊದಲೇ, 2025ರ ಮಾರ್ಚ್ 23ರಂದು, ರಫಾದಲ್ಲಿ ಆಂಬುಲೆನ್ಸ್‌ನ 15 ಜನರನ್ನು ಕೊಂದು ಗಾಡಿ ಸಮೇತ ಮಣ್ಣಲ್ಲಿ ಹೂತರು. ಗಾಡಿಗಳಿಗೆ ದೀಪ ಇರಲಿಲ್ಲ, ಅನುಮಾನ ಬಂತು ಅಂತ ಇಸ್ರೇಲ್ ಸೈನ್ಯ ಹೇಳಿತು. ಸತ್ತವನೊಬ್ಬನ ಮೊಬೈಲ್‌ನಲ್ಲಿ ವಿಡಿಯೋ ಸಿಕ್ಕಿತು. ದೀಪ ಮಿನುಗುತ್ತಲೇ ಇತ್ತು. ಆಮೇಲೆ ಮಾತು ಬದಲಾಯಿತು.

ಥಾಣೆ ನರ್ಸಮ್ಮ
ಸಣ್ಣ ತಿದ್ದುಪಡಿ ಭಟ್ರೇ. 15 ಜನರೂ ಆಂಬುಲೆನ್ಸ್‌ನವರಲ್ಲ. ಎಂಟು ಜನ ರೆಡ್ ಕ್ರೆಸೆಂಟ್‌ನವರು (ರೆಡ್ ಕ್ರಾಸ್‌ನ ಸೋದರ ಸಂಸ್ಥೆ), ಆರು ಜನ ಅಗ್ನಿಶಾಮಕದಂಥ ನಾಗರಿಕ ರಕ್ಷಣೆಯವರು, ಒಬ್ಬ ಯುಎನ್‌ನವ.

ಡೊಂಬಿವಲಿ ಭಟ್ರು
ಸರಿ, ಎಂಟು ಪ್ಲಸ್ ಆರು ಪ್ಲಸ್ ಒಂದು. ಸತ್ತದ್ದು ಹದಿನೈದೇ ತಾನೆ.

ಹಡಪ್ಸರ್ ಹುಡುಗ
ಒಂದು ಅನುಮಾನ. ತಂಗಿ ಹೇಳುತ್ತಾಳೆ, "ನಾವು ಎಲ್ಲಿದ್ದೇವೆ ಅಂತ ಎರಡೂ ಸೈನ್ಯಕ್ಕೆ ಮೊದಲೇ ತಿಳಿಸಿರುತ್ತಾರೆ, ಜಿಪಿಎಸ್ ಸಮೇತ" ಅಂತ. ಅದು ಒಳ್ಳೆಯದಾ ಕೆಟ್ಟದ್ದಾ? ಹೊಡೆಯುವವನಿಗೆ ನಾವೇ ವಿಳಾಸ ಕೊಟ್ಟ ಹಾಗಲ್ಲವಾ?

ಫೀಲ್ಡ್‌ನಿಂದ ಬಂದವಳು
ಇದು ನಮ್ಮಲ್ಲೇ ಮುಗಿಯದ ಜಗಳ. ತಿಳಿಸದಿದ್ದರೆ "ನಮಗೆ ಗೊತ್ತೇ ಇರಲಿಲ್ಲ" ಅನ್ನುತ್ತಾರೆ. ತಿಳಿಸಿದರೆ ಕನಿಷ್ಠ ಆ ನೆಪ ಇರುವುದಿಲ್ಲ. ಹೆಚ್ಚಿನ ಕಡೆ ಅದು ಕೆಲಸ ಮಾಡುತ್ತದೆ, ಅದು ಸುದ್ದಿಯಾಗುವುದಿಲ್ಲ ಅಷ್ಟೆ.

ಕೆಲಸ ಮಾಡದಿದ್ದ ಕಥೆಗಳೂ ಇವೆ. 2015ರ ಅಕ್ಟೋಬರ್ 3, ಅಫ್ಘಾನಿಸ್ತಾನದ ಕುಂದುಜ್. ಎಂಎಸ್‌ಎಫ್ ಆಸ್ಪತ್ರೆ ಎಲ್ಲಿದೆ ಅಂತ ಅಮೆರಿಕನ್ನರಿಗೆ ಮೊದಲೇ ಕೊಟ್ಟಿದ್ದರು. ದಾಳಿ ನಡೆಯುತ್ತಿರುವಾಗಲೇ "ನಿಲ್ಲಿಸಿ" ಅಂತ ಫೋನ್ ಮೇಲೆ ಫೋನ್ ಹೋಯಿತು. 42 ಜನ ಸತ್ತರು. ಅಮೆರಿಕ ಕ್ಷಮೆ ಕೇಳಿತು, 16 ಜನರ ಮೇಲೆ ಇಲಾಖಾ ಕ್ರಮ ಆಯಿತು, ಕ್ರಿಮಿನಲ್ ಕೇಸು ಯಾರ ಮೇಲೂ ಇಲ್ಲ. 2024ರ ಏಪ್ರಿಲ್ 1ರಂದು ಗಾಜಾದ ದೇರ್ ಅಲ್ ಬಲಾಹ್‌ನಲ್ಲಿ ವರ್ಲ್ಡ್ ಸೆಂಟ್ರಲ್ ಕಿಚನ್ ಅನ್ನುವ, ಊಟ ಹಂಚುವ ನೆರವು ಸಂಸ್ಥೆಯವರು ನೂರು ಟನ್ನಿಗೂ ಜಾಸ್ತಿ ಊಟದ ಸಾಮಾನು ಗೋದಾಮಿಗೆ ಇಳಿಸಿ ಹೊರಟಿದ್ದರು. ಹೋಗುವ ದಾರಿ ಇಸ್ರೇಲ್ ಸೈನ್ಯಕ್ಕೆ ಗೊತ್ತಿತ್ತು. ಗಾಡಿಯ ಚಾವಣಿ ಮೇಲೆ ಗುರುತೂ ಇತ್ತು. ಒಂದು ಕಾರಿಗೆ ಹೊಡೆದಾಗ ಬದುಕಿದವರು ಎರಡನೆಯದಕ್ಕೆ ಹತ್ತಿದರು, ಅದಕ್ಕೂ ಹೊಡೆದರು, ಆಮೇಲೆ ಮೂರನೆಯದಕ್ಕೂ. ಏಳು ಜನ ಹೋದರು. ಆಮೇಲೆ ತಪ್ಪಾಯಿತು ಅಂತ ಇಬ್ಬರು ಅಧಿಕಾರಿಗಳನ್ನು ವಜಾ ಮಾಡಿದರು.

ಹಾಗಾಗಿ ನೀವು ಕೇಳಬೇಕಾದ್ದು ಹೀಗೆ: ಯಾರಿಗೆ ತಿಳಿಸಿದ್ದೀರಿ, ಆ ಸುದ್ದಿ ಕೆಳಗಿನ ಹಂತದ ಕಮಾಂಡರ್‌ಗೆ ತಲುಪಿದೆಯಾ, ರಾತ್ರಿ ಎರಡಕ್ಕೆ ಫೋನ್ ಮಾಡಿದರೆ ಎತ್ತುವವರು ಯಾರು. ದೊಡ್ಡವರ ಮೇಜಿನ ಮೇಲಿರುವ ನಕ್ಷೆಯಿಂದ ನಿಮ್ಮ ತಂಗಿಗೆ ಉಪಯೋಗ ಇಲ್ಲ.

ಚಹಾ ಇನ್ನೊಂದು
ನಾನು ಸುಮ್ನಿದ್ದೆ, ಆದರೆ ಒಂದು ಪ್ರಶ್ನೆ. ಕೆಂಪು ಪ್ಲಸ್ ಚಿಹ್ನೆಗೆ ಅಷ್ಟು ಬೆಲೆ ಇದ್ದರೆ ನಮ್ಮ ಸೊಸೈಟಿಯ ಹಲ್ಲಿನ ಡಾಕ್ಟರ್ ಕಾರಿಗೂ ಅದೇ ಸ್ಟಿಕ್ಕರ್ ಇದೆಯಲ್ಲ? ನೋ ಪಾರ್ಕಿಂಗ್‌ನಲ್ಲಿ ನಿಲ್ಲಿಸುವುದಕ್ಕೆ ಮಾತ್ರ ಉಪಯೋಗ.

ಲಾ ಓದಿದವ
ಅದು ಅಪರಾಧ. ತಮಾಷೆ ಅಲ್ಲ. 1960ರ ಜಿನೀವಾ ಒಪ್ಪಂದಗಳ ಕಾಯ್ದೆ ನಮ್ಮ ದೇಶದ್ದೇ. ಸರ್ಕಾರದ ಅನುಮತಿ ಇಲ್ಲದೆ ಕೆಂಪು ಶಿಲುಬೆ ಬಳಸುವಂತಿಲ್ಲ. ಡಾಕ್ಟರ್, ಮೆಡಿಕಲ್ ಶಾಪ್, ಖಾಸಗಿ ಆಂಬುಲೆನ್ಸ್, ಯಾರೂ. ದಂಡ ಮಾತ್ರ 500 ರೂಪಾಯಿ ವರೆಗೆ, 1960ರಲ್ಲಿ ಬರೆದದ್ದು ಹಾಗೇ ಇದೆ. ಡಾಕ್ಟರ್‌ಗಳಿಗೆ ಹಾವು ಸುತ್ತಿದ ಕೋಲಿನ ಚಿಹ್ನೆ ಇದೆ, ಅದನ್ನು ಹಾಕಿಕೊಳ್ಳಲಿ.

ಮಾಟುಂಗಾದ ಅತ್ತೆ
ನಮ್ಮ ಬಿಲ್ಡಿಂಗ್ ಕೆಳಗಿನ ಮೆಡಿಕಲ್‌ನವನಿಗೆ ನಾಳೆಯೇ ಹೇಳುತ್ತೇನೆ. ಡಿಸ್ಕೌಂಟ್ ಕೊಡಲ್ಲ ಅಂತಿದ್ದ.

ನೆರೂಳ್ ಶೆಟ್ಟಿ
ಅತ್ತೆ ಬ್ಲಾಕ್‌ಮೇಲ್ ಶುರು ಮಾಡಿದರು 😄

ರಿಟೈರ್ಡ್ ಸುಬೇದಾರ್
ಹಲ್ಲಿನ ಡಾಕ್ಟರ್ ಸ್ಟಿಕ್ಕರಿಗೂ ಯುದ್ಧಭೂಮಿಗೂ ಏನು ಸಂಬಂಧ? ವಿಷಯಕ್ಕೆ ಬನ್ನಿ.

ಲಾ ಓದಿದವ
ಸಂಬಂಧ ಇದೆ ಸರ್. ಆ ಚಿಹ್ನೆ ಎಲ್ಲರ ಕೈಗೆ ಸಿಕ್ಕಿದರೆ ಯಾರೂ ನಂಬುವುದಿಲ್ಲ. ಸೈನ್ಯಗಳೂ ಇದನ್ನೇ ಮಾಡಿವೆ. 2008ರಲ್ಲಿ ಕೊಲಂಬಿಯಾ ಸೈನ್ಯ ಒತ್ತೆಯಾಳುಗಳನ್ನು ಬಿಡಿಸಲು ನೆರವು ಸಂಸ್ಥೆಯವರ ವೇಷ ಹಾಕಿತು. ಒಬ್ಬ ಸೈನಿಕ ರೆಡ್ ಕ್ರಾಸ್ ಗುರುತನ್ನೇ ತೊಟ್ಟಿದ್ದ. ಆಮೇಲೆ ಅಧ್ಯಕ್ಷ ಉರಿಬೆ ಅವರೇ ಒಪ್ಪಿಕೊಂಡರು. ಒತ್ತೆಯಾಳುಗಳು ಬಿಡುಗಡೆಯಾದರು, ಒಳ್ಳೆಯದೇ. ಆದರೆ ಅದಾದ ಮೇಲೆ ಅಲ್ಲಿನ ಕಾಡಿಗೆ ಹೋಗುವ ನಿಜವಾದ ರೆಡ್ ಕ್ರಾಸ್‌ನವನನ್ನು ಗೆರಿಲ್ಲಾ ಯಾಕೆ ನಂಬಬೇಕು?

ಥಾಣೆ ನರ್ಸಮ್ಮ
ಇದಕ್ಕಿಂತ ಕೆಟ್ಟದ್ದು ಪಾಕಿಸ್ತಾನದ ಕಥೆ. ಬಿನ್ ಲಾಡೆನ್‌ನನ್ನು ಹುಡುಕಲು ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿಐಎ ಅಬೋಟಾಬಾದ್‌ನಲ್ಲಿ ಹೆಪಟೈಟಿಸ್ ಬಿ ಲಸಿಕೆಯ ನಾಟಕ ಆಡಿಸಿತು. ಅದು 2011ರಲ್ಲಿ ಹೊರಗೆ ಬಂತು. ಮೊದಲೇ ಪೋಲಿಯೋ ಹನಿ ಮೇಲೆ ಅನುಮಾನ ಇದ್ದ ಜಾಗ. 2012ರ ಡಿಸೆಂಬರ್‌ನಿಂದ ಪೋಲಿಯೋ ಹನಿ ಹಾಕುವವರ ಮೇಲೆ ಗುಂಡು ಹಾರಿಸುವುದು ಶುರುವಾಯಿತು, ಇನ್ನೂ ನಿಂತಿಲ್ಲ. ಸತ್ತವರಲ್ಲಿ ಸುಮಾರು ಜನ ನಮ್ಮ ಆಶಾ ಕಾರ್ಯಕರ್ತೆಯರ ಥರದ ಹೆಂಗಸರು, ದಿನಗೂಲಿ ಲೆಕ್ಕದಲ್ಲಿ ಕೆಲಸ ಮಾಡುವವರು. ಲಸಿಕೆ ಕೆಲಸವನ್ನು ಬೇಹುಗಾರಿಕೆಗೆ ಬಳಸಲ್ಲ ಅಂತ 2014ರಲ್ಲಿ ಅಮೆರಿಕ ಹೇಳಿತು. ಯಾರು ಜೀವ ವಾಪಸ್ ಕೊಡುತ್ತಾರೆ?

ಚಹಾ ಇನ್ನೊಂದು
ಕೋವಿಡ್‌ನಲ್ಲಿ ನಮ್ಮಲ್ಲೂ ಆಶಾ ಕಾರ್ಯಕರ್ತೆಯರಿಗೆ ಹೊಡೆದರಲ್ಲ. ಬೆಂಗಳೂರಲ್ಲಿ, ಇಂದೋರಲ್ಲಿ. ಆ ಏರಿಯಾದವರೇ ಹಾಗೆ.

ನಿರ್ವಾಹಕರು
@ಚಹಾ, ಏರಿಯಾ, ಜಾತಿ, ಧರ್ಮ ಬೇಡ. ಇನ್ನೊಮ್ಮೆ ಬರೆದರೆ ಅಳಿಸುತ್ತೇವೆ.

ಥಾಣೆ ನರ್ಸಮ್ಮ
ಕೋವಿಡ್‌ನಲ್ಲಿ ಹೊಡೆದದ್ದು ಎಲ್ಲಾ ಥರದವರೂ. ಒಳ್ಳೆ ಒಳ್ಳೆ ಸೊಸೈಟಿಯವರು ನಮ್ಮ ನರ್ಸ್‌ಗಳಿಗೆ ಬಾಡಿಗೆ ಮನೆ ಖಾಲಿ ಮಾಡಿಸಿದರು. ಅದಕ್ಕೇ 2020ರ ಏಪ್ರಿಲ್‌ನಲ್ಲಿ ಸುಗ್ರೀವಾಜ್ಞೆ ಬಂತು. ಹಲ್ಲೆ ಮಾಡಿದರೆ ಮೂರು ತಿಂಗಳಿಂದ ಐದು ವರ್ಷ ಜೈಲು, ತೀವ್ರ ಗಾಯ ಮಾಡಿದರೆ ಏಳು ವರ್ಷದ ತನಕ. ಮಹಾರಾಷ್ಟ್ರದಲ್ಲಿ 2010ರಿಂದಲೇ ಬೇರೆ ಕಾಯ್ದೆ ಇದೆ. ಕ್ಯಾಶುಯಲ್ಟಿಯಲ್ಲಿ ರಾತ್ರಿ ಡ್ಯೂಟಿ ಮಾಡಿ ನೋಡಿ, ಕಾಯ್ದೆ ಎಷ್ಟು ನೆನಪಾಗುತ್ತದೆ ಅಂತ.

ವಾಸ್ಕೋ ಬಸಣ್ಣ
ನೆರವು ಕೊಡಲು ಹೋದವರಿಗೆ ಯುದ್ಧವೇ ಬೇಕಂತ ಇಲ್ಲ ನೋಡ್ರಿ. ಲಾಕ್‌ಡೌನ್‌ನಲ್ಲಿ ಇಲ್ಲಿ ನಮ್ಮ ಕನ್ನಡದ ಕೂಲಿ ಜನ ಸಿಕ್ಕಿಬಿದ್ದಿದ್ದರು. ಬಾಗಲಕೋಟೆ, ಗದಗ, ವಿಜಯಪುರದವರು. ನಾವು ಸ್ನೇಹಿತರು ಸೇರಿ ರೇಷನ್ ಕಿಟ್ ಹಂಚಲು ಹೋದೆವು. ಟೆಂಪೋ ನಡುರಸ್ತೆಯಲ್ಲಿ ನಿಲ್ಲಿಸಿ ಹಿಂದಿನ ಬಾಗಿಲು ತೆಗೆದದ್ದೇ ತಡ, ಮುನ್ನೂರು ಜನ ಮೈಮೇಲೆ ಬಂದರು. ಒಬ್ಬನ ಕೈ ಟೆಂಪೋ ಬಾಗಿಲಿಗೆ ಸಿಕ್ಕಿ ಮುರಿಯಿತು. ಹಸಿದವರ ತಪ್ಪಲ್ಲ ಅದು.

ಮರುದಿನದಿಂದ ರೀತಿ ಬದಲಿಸಿದೆವು. ಮೇಸ್ತ್ರಿಯನ್ನು ಕಂಡು ಮನೆಮನೆ ಲೆಕ್ಕ ತೆಗೆದು ಹಿಂದಿನ ಸಂಜೆಯೇ ಚೀಟಿ ಕೊಟ್ಟೆವು. ಟೆಂಪೋದ ಮುಖ ಹೊರಗಡೆಗೆ, ಎಂಜಿನ್ ಚಾಲೂ. ಚೀಟಿ ತಂದ ಹೆಂಗಸರ ಸಾಲು ಮೊದಲು. ಸಾಮಾನು ಮುಗಿಯುವ ಮೊದಲೇ "ಇವತ್ತು ಇಷ್ಟೇ ಮನೆ, ಉಳಿದವರಿಗೆ ನಾಳೆ" ಅಂತ ಮೇಸ್ತ್ರಿಯೇ ಕೂಗಿ ಹೇಳುತ್ತಿದ್ದ. ನಾವು ಹೇಳಿದರೆ ಕೇಳುತ್ತಿರಲಿಲ್ಲ, ಅವನು ಹೇಳಿದರೆ ಕೇಳುತ್ತಿದ್ದರು. ಮತ್ತೆ ಗಲಾಟೆ ಆಗಲಿಲ್ಲ.

ಫೀಲ್ಡ್‌ನಿಂದ ಬಂದವಳು
ಬಸಣ್ಣಾ, ಗಾಡಿಯ ಮುಖ ಹೊರಗಡೆಗೆ ನಿಲ್ಲಿಸುವುದನ್ನು ನಮಗೆ ದುಡ್ಡು ಕೊಟ್ಟು ತರಬೇತಿಯಲ್ಲಿ ಕಲಿಸಿದರು. ನೀವು ಒಂದೇ ದಿನದಲ್ಲಿ ಕಲಿತಿದ್ದೀರಿ. ಸುಬೇದಾರ್ ಸರ್, ಆ ಮೇಸ್ತ್ರಿ ಮಾಡಿದ್ದನ್ನೇ ನಾನು ಹೇಳುತ್ತಿದ್ದದ್ದು.

ರಿಟೈರ್ಡ್ ಸುಬೇದಾರ್
ಮೇಸ್ತ್ರಿ ಮಾತು ಕೇಳುವ ಜನ ಇದ್ದ ಕಡೆ ಸರಿ. ಎಲ್ಲಾ ಕಡೆ ಮೇಸ್ತ್ರಿ ಸಿಗಲ್ಲ.

ನೆರೂಳ್ ಶೆಟ್ಟಿ
ನಮ್ಮ ಕಡೆಯದ್ದೂ ಸೇರಿಸುತ್ತೇನೆ. 2023ರ ಜುಲೈನಲ್ಲಿ ಖಾಲಾಪುರ ಹತ್ತಿರ ಇರ್ಶಾಲ್‌ವಾಡಿ ಗುಡ್ಡ ಕುಸಿಯಿತಲ್ಲ, ರಾತ್ರಿಯೇ ಜನ ಹೊರಟರು. ಗಾಡಿ ಹೋಗುವ ದಾರಿ ಇಲ್ಲ, ಜೆಸಿಬಿ ಏರಲ್ಲ, ಸುರಿಯುವ ಮಳೆಯಲ್ಲಿ ಕಡಿದಾದ ಕಾಲುದಾರಿ. ನವಿ ಮುಂಬೈ ಅಗ್ನಿಶಾಮಕದ ಒಬ್ಬ ಅಧಿಕಾರಿ ಹತ್ತುವಾಗಲೇ ಹೃದಯಾಘಾತವಾಗಿ ತೀರಿಕೊಂಡರು. ಬದುಕಿಸಲು ಹೋದವರು. ಅವರನ್ನು ಯಾವ ಪಟ್ಟಿಗೆ ಸೇರಿಸುತ್ತಾರೆ? ಬೆಳಗಾಗುವ ಹೊತ್ತಿಗೆ ನಮ್ಮಂಥ ಹವ್ಯಾಸಿಗಳು ಚಪ್ಪಲಿ ಹಾಕಿಕೊಂಡು ಬಿಸ್ಕತ್ತು ಡಬ್ಬ ಹೊತ್ತು ಬಂದಿದ್ದರು. ಎನ್‌ಡಿಆರ್‌ಎಫ್ (ರಾಷ್ಟ್ರೀಯ ವಿಪತ್ತು ಪಡೆ) ಜನಕ್ಕೆ ನಮ್ಮನ್ನು ಸಂಭಾಳಿಸುವುದೇ ಒಂದು ಕೆಲಸ.

2019ರಲ್ಲಿ ಸಾಂಗ್ಲಿ ನೆರೆಯಲ್ಲೂ ಹಾಗೇ. ಬ್ರಹ್ಮನಾಳದಲ್ಲಿ ಜನರನ್ನು ಸಾಗಿಸುತ್ತಿದ್ದ ದೋಣಿಗೆ ಮಿತಿಗಿಂತ ಜಾಸ್ತಿ ಜನ ಹತ್ತಿ ಮಗುಚಿತು.

ಮಾಟುಂಗಾದ ಅತ್ತೆ
2005ರ ಜುಲೈ 26 ನೆನಪಾಯಿತು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ನಮ್ಮ ಸಂಘದ ಹುಡುಗರು ಎದೆಮಟ್ಟದ ನೀರಲ್ಲಿ ಇಡ್ಲಿ ಪೊಟ್ಟಣ ಹಂಚಿದರು. ಆಮೇಲೆ ಇಬ್ಬರಿಗೆ ಇಲಿ ಜ್ವರ. ಬದುಕಿದರು, ದೇವರ ದಯೆ.

ಥಾಣೆ ನರ್ಸಮ್ಮ
ಅತ್ತೆ, ಅದಕ್ಕೇ ನೀರಲ್ಲಿ ನಡೆದವರು ಮೂರು ದಿನದೊಳಗೆ ಡಾಕ್ಸಿಸೈಕ್ಲಿನ್ ತಗೊಳ್ಳಿ ಅಂತ ಪಾಲಿಕೆಯವರು ಪ್ರತಿ ಮಳೆಗಾಲ ಹೇಳುವುದು. ಎಷ್ಟು ಡೋಸ್ ಅಂತ ಡಾಕ್ಟರ್ ಹತ್ತಿರ ಕೇಳಿ. ಗರ್ಭಿಣಿಯರಿಗೆ, ಮಕ್ಕಳಿಗೆ ಬೇರೆ ಔಷಧಿ. ಕಾಲಲ್ಲಿ ಗಾಯ ಇದ್ದವರು ನೀರಿಗೆ ಇಳಿಯಲೇಬಾರದು. ನೆರವು ಮಾಡುವ ಹುಮ್ಮಸ್ಸಿನಲ್ಲಿ ಇದನ್ನೆಲ್ಲ ಯಾರು ನೋಡುತ್ತಾರೆ.

ಹಡಪ್ಸರ್ ಹುಡುಗ
ಎಲ್ಲರಿಗೂ ಧನ್ಯವಾದ. ಇವತ್ತು ಸಂಸ್ಥೆಯಿಂದ ಒಂದು ಫಾರಂ ಬಂದಿದೆ. ಅವಳಿಗೆ ಮಾತ್ರ ಗೊತ್ತಿರುವ ನಾಲ್ಕು ಪ್ರಶ್ನೆ ಉತ್ತರ ಬರೆದು ಮುಚ್ಚಿದ ಲಕೋಟೆಯಲ್ಲಿ ಕೊಡಬೇಕಂತೆ. ಚಿಕ್ಕಂದಿನ ನಾಯಿ ಹೆಸರು ಅಂಥದ್ದು. ಇದೇನು ಬ್ಯಾಂಕಾ?

ಫೀಲ್ಡ್‌ನಿಂದ ಬಂದವಳು
ಅಮ್ಮನಿಗೆ ತೋರಿಸಬೇಡಿ, ನೀವು ಮಾತ್ರ ತಿಳಿದುಕೊಳ್ಳಿ. ಅಪಹರಣ ಆದರೆ ಅವಳು ಜೀವಂತ ಇದ್ದಾಳಾ, ಫೋನ್ ಮಾಡಿದವರ ಹತ್ತಿರವೇ ಇದ್ದಾಳಾ ಅಂತ ಖಚಿತಪಡಿಸಲು ಆ ಪ್ರಶ್ನೆ. ಫೇಸ್‌ಬುಕ್‌ನಲ್ಲಿ ಸಿಗುವ ಉತ್ತರ ಬರೆಯಬಾರದು, ಹಾಗಾಗಿ ನಾಯಿ ಫೋಟೋ ಹಾಕಿದ್ದರೆ ನಾಯಿ ಬೇಡ. ಫಾರಂ ಕಳಿಸಿದ್ದಾರೆ ಅಂದರೆ ಸಂಸ್ಥೆ ಸೀರಿಯಸ್ಸಾಗಿದೆ ಅಂತ ಅರ್ಥ.

ನಮ್ಮವರೂ ಇಂಥದ್ದನ್ನು ದಾಟಿ ಬಂದಿದ್ದಾರೆ. ಫಾದರ್ ಪ್ರೇಮ್ ಕುಮಾರ್ 2014ರ ಜೂನ್‌ನಲ್ಲಿ ಅಫ್ಘಾನಿಸ್ತಾನದ ಹೆರಾತ್‌ನಲ್ಲಿ ಅಪಹರಣವಾಗಿ 2015ರ ಫೆಬ್ರವರಿಯಲ್ಲಿ ಬಂದರು. ಕೋಲ್ಕತ್ತದ ಜುಡಿತ್ ಡಿಸೋಜ 2016ರಲ್ಲಿ ಕಾಬೂಲ್‌ನಲ್ಲಿ ಅಪಹರಣವಾದರು, ಆರು ವಾರದ ಮೇಲೆ ಬಿಡುಗಡೆಯಾದರು. ಮನೆಯಿಂದ ಒಬ್ಬರೇ ಸಂಸ್ಥೆಯವರ ಜೊತೆ ಮಾತಾಡಬೇಕು. ಅದು ನೀವೇ ಆಗಿ. ಟಿವಿಯವರಿಗೆ, ನೆಂಟರ ವಾಟ್ಸಾಪ್ ಗುಂಪಿಗೆ ಒಂದು ಅಕ್ಷರವೂ ಹೋಗಬಾರದು ಅಂತ ಈಗಲೇ ಮಾತಾಡಿಕೊಳ್ಳಿ.

ಡೊಂಬಿವಲಿ ಭಟ್ರು
ನೆಂಟರ ಗುಂಪಿಗೆ ಹೋಗಬಾರದು ಅಂದರೆ ಅತ್ತಿಗೆಯಂದಿರಿಗೆ ಹೇಳಲೇಬೇಡಿ. ನಾನು ಈಗಲೂ ಹೋಗಬೇಡ ಅಂತಲೇ ಹೇಳುತ್ತೇನೆ. ಹೋದರೆ ದೇವರು ಒಳ್ಳೆಯದು ಮಾಡಲಿ.

ಲಾ ಓದಿದವ
ಇನ್ನೊಂದು ಕೇಸ್ ಹೇಳಿ ಬಿಡುತ್ತೇನೆ, ಕಾಲ್‌ನಲ್ಲಿ ಉಪಯೋಗಕ್ಕೆ ಬರುತ್ತದೆ. 2012ರಲ್ಲಿ ಕೀನ್ಯಾದ ದಾದಾಬ್ ನಿರಾಶ್ರಿತರ ಶಿಬಿರದಲ್ಲಿ ನಾರ್ವೇಜಿಯನ್ ರೆಫ್ಯೂಜಿ ಕೌನ್ಸಿಲ್‌ನ ಗಾಡಿಗಳ ಮೇಲೆ ದಾಳಿ ಆಯಿತು. ಡ್ರೈವರ್ ಸತ್ತ, ನಾಲ್ವರು ಅಪಹರಣವಾಗಿ ನಾಲ್ಕು ದಿನದ ಮೇಲೆ ಬಿಡುಗಡೆಯಾದರು. ಅವರಲ್ಲಿ ಒಬ್ಬ, ಕೆನಡಾದ ಸ್ಟೀವ್ ಡೆನ್ನಿಸ್, ತನ್ನ ಸಂಸ್ಥೆ ಮೇಲೇ ಕೇಸು ಹಾಕಿದ. 2015ರಲ್ಲಿ ಓಸ್ಲೋ ಕೋರ್ಟು ಸಂಸ್ಥೆಯದ್ದು ಗಂಭೀರ ನಿರ್ಲಕ್ಷ್ಯ ಅಂತ ಹೇಳಿ ಪರಿಹಾರ ಕೊಡಿಸಿತು. "ಒಳ್ಳೆ ಕೆಲಸಕ್ಕೆ ಬಂದಿದ್ದೀಯ, ಅಪಾಯ ನಿನ್ನದೇ" ಅನ್ನುವ ಮಾತು ಅಲ್ಲಿಂದ ನಿಂತಿತು, ಕಾಗದದ ಮೇಲಾದರೂ. ಅವಳ ಕಾಂಟ್ರಾಕ್ಟ್‌ನಲ್ಲಿ ಯಾವ ದೇಶದ ಕಾನೂನು ಅನ್ವಯ ಅಂತ ನೋಡಿ.

ಮತ್ತೆ ಇನ್ಶೂರೆನ್ಸ್. ಇಲ್ಲಿ ಮಾಡಿಸಿದ ಅಪಘಾತ ವಿಮೆ, ಪ್ರಯಾಣ ವಿಮೆ ಯುದ್ಧದ ಜಾಗದಲ್ಲಿ ಹೆಚ್ಚಿನವು ಉಪಯೋಗಕ್ಕೆ ಬರಲ್ಲ. ಸಂಸ್ಥೆಯ ಪಾಲಿಸಿಯಲ್ಲಿ "ಯುದ್ಧ, ಭಯೋತ್ಪಾದನೆ ಹೊರತುಪಡಿಸಿ" ಅನ್ನುವ ಸಾಲು ಇದೆಯಾ, ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯಾ, ವಾಪಸ್ ಬಂದಮೇಲೆ ಮಾನಸಿಕ ಚಿಕಿತ್ಸೆಗೆ ಎಷ್ಟು ತಿಂಗಳು ಕೊಡುತ್ತಾರೆ. ಅಲ್ಲಿನ ಡ್ರೈವರ್‌ಗೂ ಅದೇ ವಿಮೆ ಇದೆಯಾ ಅಂತಲೂ ಕೇಳಿ. ಇಲ್ಲ ಅಂದರೆ ಆ ಸಂಸ್ಥೆ ಜನರನ್ನು ಹೇಗೆ ನೋಡುತ್ತದೆ ಅಂತ ಗೊತ್ತಾಗುತ್ತದೆ. ಹೆಸರು, ನಂಬರ್ ಅಳಿಸಿ ಆ ಪುಟ ಇಲ್ಲಿ ಹಾಕಿ, ಭಾನುವಾರ ಕೂತು ಓದಿ ಹೇಳುತ್ತೇನೆ. ಫೀಸು ಬೇಡ.

ಚಹಾ ಇನ್ನೊಂದು
ಫೀಸು ಬೇಡ ಅನ್ನುವ ವಕೀಲರು! ಮುಂಬೈಯಲ್ಲಿ! ನನ್ನ ಬಿಲ್ಡರ್ ಅಗ್ರಿಮೆಂಟ್ ಕೂಡ ಕಳಿಸಲಾ?